ಒಲೆಯ ಉರಿ ಕೆಟ್ಟರೆ ಸ್ಕ್ರೂ ಡ್ರೈವರ್ ಕೊನೆಗೆ ಹಿಡಿಯಿರಿ

ಕಳೆದ ಜೂನ್‌ನಲ್ಲಿ ಕುಂದಾಪುರದಿಂದ ಡೊಂಬಿವಲಿಗೆ ಮನೆ ಬದಲಿಸಿದ ನನ್ನ ತಂಗಿ ತನ್ನ ಮೂರು ಬರ್ನರಿನ ಒಲೆಯನ್ನೂ ಜೊತೆಗೆ ತಂದಳು. ಊರಿನಲ್ಲಿ ಸಿಲಿಂಡರಿಗೆ ಜೋಡಿಸಿದ್ದ, ಚೆನ್ನಾಗಿಯೇ ಉರಿಯುತ್ತಿದ್ದ ಒಲೆ. ಇಲ್ಲಿನ ಕಟ್ಟಡದಲ್ಲಿ ಪೈಪ್ ಗ್ಯಾಸ್. ಯಾರೋ ಪ್ಲಂಬರ್ ಬಂದು ರಬ್ಬರ್ ಪೈಪ್ ಸಿಕ್ಕಿಸಿ ಹೋದ. ಮರುದಿನ ಬೆಳಿಗ್ಗೆಯೇ ಅವಳ ಫೋನ್: "ಅಣ್ಣಾ, ಮುಂಬಯಿ ಗ್ಯಾಸಿನಲ್ಲಿ ಬಲವೇ ಇಲ್ಲ. ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಮಕ್ಕಳು ಶಾಲೆಯಿಂದ ವಾಪಸು ಬರುತ್ತಾರೆ."

ಗ್ಯಾಸಿನಲ್ಲಿ ಬಲ ಇತ್ತು. ಒಲೆಯೊಳಗಿನ ಜೆಟ್, ಅಂದರೆ ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಹಿತ್ತಾಳೆ ತುಣುಕು, ಮಾತ್ರ ಬೇರೆ ಗ್ಯಾಸಿನದಾಗಿತ್ತು. ಆದರೆ ನಾನು ಹೋಗಿ ನೋಡುವ ಮುನ್ನವೇ ಭಾವ ಸ್ಕ್ರೂ ಡ್ರೈವರ್ ಹಿಡಿದು ಒಲೆಯ ಕೆಳಗಿದ್ದ ಸ್ಕ್ರೂಗಳನ್ನೆಲ್ಲ ಒಂದು ಸುತ್ತು ತಿರುಗಿಸಿದ್ದರು. ಜೆಟ್ ಬದಲಿಸಲು ಹದಿನೈದು ನಿಮಿಷ ಸಾಕಾಯಿತು. ಅವರು ತಿರುಗಿಸಿದ್ದನ್ನು ಸರಿಮಾಡಲು ಅರ್ಧ ದಿನ ಹಿಡಿಯಿತು.

ಮಾಟುಂಗಾ, ದಾದರ್ ಕಡೆಯ ಹೋಟೆಲುಗಳ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಒಲೆ ದುರಸ್ತಿ ಮಾಡಿದ್ದೇನೆ. ಉರಿ ಕೆಟ್ಟಿದೆ ಎಂದು ನನ್ನನ್ನು ಕರೆದ ಕಡೆಗಳಲ್ಲಿ ಹೆಚ್ಚಿನ ಸಲ ಸಿಕ್ಕಿದ್ದು ಕೊಳೆ, ಓರೆಯಾಗಿ ಕೂತ ಬರ್ನರ್ ಮುಚ್ಚಳ, ಮುಚ್ಚಿದ ಕಿಟಕಿ ಅಥವಾ ತಪ್ಪು ಜೆಟ್. ತಿರುಗಿಸಿ ಸರಿಪಡಿಸುವಂಥದ್ದು ಅಪರೂಪ. ಹಾಗಾಗಿ ಈ ಬರಹವೂ ಅದೇ ಕ್ರಮದಲ್ಲಿದೆ: ಕಾಸು ಖರ್ಚಿಲ್ಲದ್ದು ಮೊದಲು, ಸ್ಕ್ರೂ ಕೊನೆಗೆ.

ವಾಸನೆ ಇದ್ದರೆ ಉರಿಯ ಚಿಂತೆ ಬೇಡ

ಒಲೆ ಹಚ್ಚದಿದ್ದಾಗಲೂ ಗ್ಯಾಸಿನ ವಾಸನೆ ಬರುತ್ತಿದ್ದರೆ ಅದು ಸೋರಿಕೆ. ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ. ಪೈಪ್ ಗ್ಯಾಸ್ ಆದರೆ ಒಲೆಯ ಬಳಿಯ ವಾಲ್ವನ್ನೂ ಮೀಟರ್ ಬಳಿಯ ವಾಲ್ವನ್ನೂ ಮುಚ್ಚಿ. ವಾಲ್ವಿನ ಹಿಡಿ ಪೈಪಿಗೆ ಅಡ್ಡಲಾಗಿ ನಿಂತರೆ ಮುಚ್ಚಿದಂತೆ. ದೇವರ ದೀಪ ಉರಿಯುತ್ತಿದ್ದರೆ ಆರಿಸಿ. ಲೈಟಿನ ಸ್ವಿಚ್, ಎಕ್ಸಾಸ್ಟ್ ಫ್ಯಾನ್, ಲೈಟರ್ ಯಾವುದರ ತಂಟೆಗೂ ಹೋಗಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ. ಸ್ವಿಚ್ಚಿನ ಒಳಗಿನ ಸಣ್ಣ ಕಿಡಿಯೇ ಸಾಕು.

ಇಲ್ಲಿ ಎರಡು ಗ್ಯಾಸುಗಳ ಗುಣ ಬೇರೆ ಬೇರೆ. ಸಿಲಿಂಡರಿನ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ, ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಿದು ಮೋರಿಯ ಕಡೆಗೆ, ಕಟ್ಟೆಯ ಕೆಳಗಿನ ಕಪಾಟಿನೊಳಗೆ ಕೂರುತ್ತದೆ. ಪೈಪಿನಲ್ಲಿ ಬರುವುದು ಬಹುಪಾಲು ಮೀಥೇನ್, ಗಾಳಿಗಿಂತ ಹಗುರ. ಅದು ಏರಿ ಮಾಳಿಗೆಯ ಕೆಳಗೆ ಸೇರುತ್ತದೆ. ಹಾಗಾಗಿ ಎಲ್‌ಪಿಜಿಗೆ ಬಾಗಿಲು, ಬಾಲ್ಕನಿ ತೆರೆಯಬೇಕು. ಪೈಪ್ ಗ್ಯಾಸಿಗೆ ಮೇಲಿನ ಕಿಟಕಿಯೂ ತೆರೆದಿರಬೇಕು. ಎಲ್ಲರೂ ಹೊರಗೆ ಬಂದ ಮೇಲೆ ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಗೆ ದೇಶಾದ್ಯಂತ 1906. ಪೈಪ್ ಗ್ಯಾಸಿನ ತುರ್ತು ಸಂಖ್ಯೆ ನಿಮ್ಮ ಬಿಲ್ಲಿನ ಮೇಲೆ ಇರುತ್ತದೆ. ಇವತ್ತೇ ಮೊಬೈಲಿನಲ್ಲಿ ಸೇರಿಸಿಟ್ಟುಕೊಳ್ಳಿ.

ವಾಸನೆ ಇಲ್ಲವೆಂದಾದರೆ ಮಾತ್ರ ಮುಂದೆ ಓದಿ.

ಒಂದೇ ಬರ್ನರೋ, ಎಲ್ಲ ಬರ್ನರುಗಳೋ?

ಯಾರಾದರೂ ಫೋನಿನಲ್ಲಿ ಉರಿ ಸರಿಯಿಲ್ಲ ಎಂದರೆ ನಾನು ಕೇಳುವ ಮೊದಲ ಪ್ರಶ್ನೆ ಇದು. ಪಾತ್ರೆ ಇಡದೆ, ಫ್ಯಾನ್ ಆರಿಸಿ, ಒಂದೊಂದೇ ಬರ್ನರ್ ಪೂರ್ತಿ ಹಚ್ಚಿ ನೋಡಿ. ಪಾತ್ರೆ ಇಟ್ಟರೆ ತಣ್ಣನೆಯ ತಳಕ್ಕೆ ತಾಗಿ ಒಳ್ಳೆಯ ಉರಿಯ ತುದಿಯೂ ಹಳದಿಯಾಗಿ ಕಾಣಬಹುದು.

ಒಂದೇ ಬರ್ನರ್ ಕೆಟ್ಟಿದ್ದರೆ ತೊಂದರೆ ಆ ಬರ್ನರಿನಲ್ಲೇ ಇದೆ: ಮುಚ್ಚಳ, ನಳಿಕೆ (ಜೆಟ್‌ನಿಂದ ಮುಚ್ಚಳಕ್ಕೆ ಗ್ಯಾಸ್ ಒಯ್ಯುವ ಕೊಳವೆ) ಅಥವಾ ಜೆಟ್. ಒಲೆ ತಣ್ಣಗಾದ ಮೇಲೆ ಒಂದೇ ಅಳತೆಯ ಎರಡು ಬರ್ನರುಗಳ ಹಿತ್ತಾಳೆ ಮುಚ್ಚಳಗಳನ್ನು ಅದಲುಬದಲು ಮಾಡಿ. ಕೆಟ್ಟ ಉರಿ ಮುಚ್ಚಳದ ಜೊತೆಗೆ ಆ ಕಡೆಗೆ ಹೋಯಿತೆಂದರೆ ಮುಚ್ಚಳವೇ ಕಾರಣ. ಇದ್ದಲ್ಲೇ ಉಳಿದರೆ ಕಾರಣ ಕೆಳಗಿದೆ.

ಎಲ್ಲ ಬರ್ನರುಗಳೂ ಕೆಟ್ಟಿದ್ದರೆ ಒಲೆಗೆ ಬರುವ ಗ್ಯಾಸನ್ನೋ ಕೋಣೆಯ ಗಾಳಿಯನ್ನೋ ಅನುಮಾನಿಸಬೇಕು. ಸಿಲಿಂಡರ್ ಮುಗಿಯುತ್ತಾ ಬಂದಿದೆಯೇ? ರಬ್ಬರ್ ಪೈಪ್ ಒಲೆಯ ಹಿಂದೆ ಮಡಿಚಿಕೊಂಡಿದೆಯೇ? ಒರೆಸುವಾಗ ಕೈ ತಾಗಿ ವಾಲ್ವ್ ಅರ್ಧ ಮುಚ್ಚಿದೆಯೇ? ಪೈಪ್ ಗ್ಯಾಸಿನವರು ಪಕ್ಕದ ಮನೆಯವರನ್ನು ವಿಚಾರಿಸಿ. ಅವರ ಉರಿಯೂ ಸಣ್ಣದಾಗಿದ್ದರೆ ಅದು ಕಂಪನಿ ನೋಡಬೇಕಾದ ಒತ್ತಡದ ತೊಂದರೆ. ನಿಮ್ಮ ಒಲೆ ಬಿಚ್ಚಿ ಪ್ರಯೋಜನವಿಲ್ಲ.

ಉರಿ ಹಳದಿ, ಪಾತ್ರೆಯ ತಳಕ್ಕೆ ಮಸಿ

ಗ್ಯಾಸ್ ಪೂರ್ತಿ ಸುಡಲು ಗಾಳಿ ಬೇಕು. ಒಂದು ಪಾಲು ಮೀಥೇನಿಗೆ ಸುಮಾರು ಹತ್ತು ಪಾಲು ಗಾಳಿ; ಎಲ್‌ಪಿಜಿಗೆ ಇಪ್ಪತ್ತೈದರಿಂದ ಮೂವತ್ತು ಪಾಲು. ಜೆಟ್‌ನಿಂದ ವೇಗವಾಗಿ ಚಿಮ್ಮುವ ಗ್ಯಾಸ್ ನಳಿಕೆಯ ಬಾಯಿಯಲ್ಲಿ ಸುತ್ತಲಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಎರಡೂ ಬೆರೆತು ಮುಚ್ಚಳದ ತೂತುಗಳಿಂದ ಹೊರಬರುತ್ತವೆ. ಆ ಗಾಳಿ ಸಾಕಾದರೆ ಉರಿ ನೀಲಿ, ಒಳಗೆ ಚೂಪಾದ ತಿಳಿನೀಲಿ ಶಂಕು. ಸಾಲದಿದ್ದರೆ ಸುಡದೆ ಉಳಿದ ಇಂಗಾಲದ ಕಣಗಳು ಕೆಂಡವಾಗಿ ಹೊಳೆಯುತ್ತವೆ. ನಮಗೆ ಕಾಣುವ ಹಳದಿ ಅದೇ. ಆಮೇಲೆ ಅದೇ ಕಣ ಪಾತ್ರೆಗೆ ಮಸಿಯಾಗಿ ಅಂಟುತ್ತದೆ.

ಮಸಿಯನ್ನು ತಿಕ್ಕಿ ತೊಳೆದರೆ ಹೋದೀತು. ಅದರ ಜೊತೆಗೆ ಹುಟ್ಟಬಹುದಾದ ಕಾರ್ಬನ್ ಮೋನಾಕ್ಸೈಡ್ ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಅಡುಗೆ ಮಾಡುವಾಗ ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು ಆಗಿ, ಹೊರಗೆ ಹೋದರೆ ಕಡಿಮೆಯಾಗುತ್ತದೆ ಎಂದಾದರೆ ಒಲೆ ಆರಿಸಿ, ಎಲ್ಲರೂ ತೆರೆದ ಗಾಳಿಗೆ ಬನ್ನಿ, ವೈದ್ಯರಿಗೆ ತೋರಿಸಿ. ಒಲೆ ರಿಪೇರಿ ಆಮೇಲೆ.

ಕಾರಣ ಹುಡುಕುವ ಕ್ರಮ ಹೀಗೆ. ಮೊದಲು ಕಿಟಕಿ ತೆರೆದು ಐದು ನಿಮಿಷ ಕಾಯಿರಿ. ನಮ್ಮ ಮುಂಬಯಿ ಮನೆಗಳಲ್ಲಿ ಅಡುಗೆಮನೆಯ ಬಾಲ್ಕನಿಗೆ ಗಾಜು ಹಾಕಿ ಮುಚ್ಚಿ ವಾಷಿಂಗ್ ಮೆಷಿನ್ ಇಡುವುದು ವಾಡಿಕೆ. ಮಳೆಗಾಲದಲ್ಲಿ ಉಳಿದ ಕಿಟಕಿಯೂ ಬಂದ್. ಚೌತಿಯ ದಿನ ಮೂರು ಬರ್ನರೂ ಒಟ್ಟಿಗೆ ಉರಿದರೆ ಆ ಕೋಣೆಗೆ ಗಾಳಿ ಎಲ್ಲಿಂದ ಬರಬೇಕು? ಕಿಟಕಿ ತೆರೆದೊಡನೆ ಉರಿ ನೀಲಿಗೆ ತಿರುಗಿದರೆ ಒಲೆ ಸರಿಯಾಗಿದೆ, ಕೋಣೆ ಸರಿಯಿಲ್ಲ. ಇದನ್ನು ಒಲೆಯ ಸ್ಕ್ರೂ ತಿರುಗಿಸಿ ಸರಿಮಾಡಲು ಹೊರಟರೆ ಅಪಾಯವನ್ನು ಮರೆಮಾಡಿದಂತೆ.

ಎರಡನೆಯದು ಮುಚ್ಚಳ ಮತ್ತು ನಳಿಕೆ. ಗ್ಯಾಸ್ ಮುಚ್ಚಿ, ಒಲೆ ತಣ್ಣಗಾದ ಮೇಲೆ ಮುಚ್ಚಳವನ್ನು ಬಿಸಿ ಸಾಬೂನು ನೀರಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಉಕ್ಕಿದ ಹಾಲು, ಗಂಜಿಯ ತಿಳಿ, ಸಾರಿನ ಒಗ್ಗರಣೆ ಎಲ್ಲವೂ ಆ ತೂತುಗಳಲ್ಲೇ ಸುಟ್ಟು ಕೂತಿರುತ್ತವೆ. ನಳಿಕೆಯ ಒಳಗನ್ನು ಟಾರ್ಚ್ ಹಾಕಿ ನೋಡಿ. ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗಿ, ಜೂನ್‌ನಲ್ಲಿ ಮರಳಿ ಒಲೆ ಹಚ್ಚಿದಾಗ ಹಳದಿ ಉರಿ ಬಂದರೆ ನಾನು ಮೊದಲು ಹುಡುಕುವುದು ಜೇಡರ ಬಲೆಯನ್ನು. ಒಂದು ತಿಂಗಳು ಬಳಸದ ನಳಿಕೆ ಜೇಡಕ್ಕೆ ಬಾಡಿಗೆಯಿಲ್ಲದ ಮನೆ. ಒಮ್ಮೆ ಸಾಂತಾಕ್ರೂಜ್‌ನ ಮನೆಯೊಂದರಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡೇ ಸಿಕ್ಕಿತ್ತು. ಬಾಟಲಿ ತೊಳೆಯುವ ಸಣ್ಣ ಬ್ರಷ್ ಸಾಕು.

ಮೂರನೆಯದು ತಪ್ಪು ಜೆಟ್. ಪೈಪ್ ಗ್ಯಾಸಿನ ಮನೆಯಿಂದ ಸಿಲಿಂಡರಿನ ಮನೆಗೆ ಒಲೆ ತಂದಿದ್ದರೆ, ಎಲ್ಲ ಬರ್ನರುಗಳಲ್ಲೂ ಉದ್ದದ ಹಳದಿ ನಾಲಿಗೆ ಎದ್ದು ಮಸಿ ಕಾರುತ್ತಿದ್ದರೆ, ಬೇರೇನನ್ನೂ ನೋಡದೆ ಒಲೆ ಆರಿಸಿ. ಪೈಪ್ ಗ್ಯಾಸಿನ ಜೆಟ್ಟಿನ ತೂತು ದೊಡ್ಡದು. ಅದರಲ್ಲಿ ಎಲ್‌ಪಿಜಿ ಹರಿದರೆ ಉರಿ ಇರಬೇಕಾದದ್ದರ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಜೆಟ್ ಬದಲಿಸುವವರೆಗೆ ಆ ಒಲೆಯಲ್ಲಿ ಚಹಾವನ್ನೂ ಮಾಡಬೇಡಿ.

ನೀಲಿ ಉರಿಯ ನಡುವೆ ಕಿತ್ತಳೆ ಕಿಡಿ

ಇದಕ್ಕೆ ಹೆದರಿ ಕರೆ ಮಾಡುವವರೇ ಹೆಚ್ಚು, ಆದರೆ ಇದು ಹೆಚ್ಚಾಗಿ ನಿರುಪದ್ರವಿ. ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಉರಿಗೆ ಬಿದ್ದರೆ ಕಿತ್ತಳೆ ಹಳದಿ ಬಣ್ಣ ಬರುತ್ತದೆ. ಉಪ್ಪು ನೀರು ಉಕ್ಕಿದಾಗ, ಗುಡಿಸುವಾಗ ಧೂಳು ಎದ್ದಾಗ, ತೊಳೆದ ಮುಚ್ಚಳವನ್ನು ಒದ್ದೆಯಲ್ಲೇ ಇಟ್ಟಾಗ ಹೀಗಾಗುತ್ತದೆ. ಮಿಂಚಿ ಮಾಯವಾಗುವ ಕಿಡಿಯಾದರೆ ಬಿಡಿ. ಬಿಸಿಲಿನಲ್ಲಿ ಒಣಗಿಸಿ ಎಂದು ಹೇಳೋಣವೆಂದರೆ ಜುಲೈ ತಿಂಗಳ ಮುಂಬಯಿಯಲ್ಲಿ ಬಿಸಿಲು ಎಲ್ಲಿದೆ. ಬಟ್ಟೆಯಲ್ಲಿ ಒರೆಸಿ ರಾತ್ರಿಯಿಡೀ ಫ್ಯಾನಿನ ಕೆಳಗೆ ಇಡಿ. ಕಿತ್ತಳೆ ಬಣ್ಣ ದಿನಗಟ್ಟಲೆ ನಿಂತು, ಜೊತೆಗೆ ಮಸಿಯೂ ಕಂಡರೆ ಅದನ್ನು ಹಿಂದಿನ ವಿಭಾಗದ ಹಳದಿ ಎಂದೇ ಲೆಕ್ಕ ಹಿಡಿಯಿರಿ.

ಉರಿ ನೀಲಿಯೇ, ಆದರೆ ಬಡಕಲು

ತಂಗಿಯ ಒಲೆಯ ಕಥೆ ಇದೇ. ಎಲ್‌ಪಿಜಿ ಜೆಟ್ಟಿನ ತೂತು ಒಂದು ಮಿಲಿಮೀಟರಿಗೂ ಕಡಿಮೆ. ಸಿಲಿಂಡರಿನ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಗ್ಯಾಸ್ ಬಿಡುತ್ತದೆ. ಮನೆಯ ಪೈಪ್ ಗ್ಯಾಸ್ ಬರುವುದು ಸುಮಾರು 21 ಮಿಲಿಬಾರ್‌ನಲ್ಲಿ. ಅಷ್ಟೇ ಅಲ್ಲ, ಅಷ್ಟೇ ಗಾತ್ರದ ಎಲ್‌ಪಿಜಿಯಲ್ಲಿರುವ ಶಾಖ ಪೈಪ್ ಗ್ಯಾಸಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಹಾಗಾಗಿ ಎಲ್‌ಪಿಜಿ ಜೆಟ್ ಉಳಿಸಿಕೊಂಡು ಪೈಪ್ ಗ್ಯಾಸ್ ಹಾಕಿದರೆ ಅರ್ಧದಷ್ಟು ಉರಿ ಬರುತ್ತದೆ. ಪೈಪ್ ಗ್ಯಾಸ್ ಸಂಪರ್ಕ ಕೊಡುವಾಗ ಜೆಟ್ ಬದಲಿಸುವುದು ಕೆಲಸದ ಭಾಗ. ಮುಂಬಯಿಯಲ್ಲಿ ಮಹಾನಗರ ಗ್ಯಾಸ್, ಪುಣೆಯಲ್ಲಿ ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್ ಈ ಸಂಪರ್ಕ ಕೊಡುತ್ತವೆ. ಹಳೆಯ ಸಂಪರ್ಕವಿರುವ ಬಾಡಿಗೆ ಮನೆಗೆ ಹೊಸ ಒಲೆ ತರುವವರು ಮಾತ್ರ ಇದನ್ನು ಮರೆಯುತ್ತಾರೆ.

ಒಂದೇ ಬರ್ನರ್ ಬಡಕಲಾಗಿದ್ದರೆ ಜೆಟ್ಟಿನಲ್ಲಿ ಕಸ ಸಿಕ್ಕಿದೆ. ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಹೊಲಿಗೆಯ ಸೂಜಿ ಹಾಕಿ ಜೆಟ್ ಚುಚ್ಚಿದೆ. ಕಸ ಹೋಯಿತು, ಉರಿ ಭರ್ಜರಿಯಾಯಿತು, ಮೆಚ್ಚುಗೆಯೂ ಸಿಕ್ಕಿತು. ನಾಲ್ಕು ದಿನದಲ್ಲಿ ಇಡ್ಲಿ ಪಾತ್ರೆಗಳೆಲ್ಲ ಕಪ್ಪು. ಹಿತ್ತಾಳೆ ಮೆದು ಲೋಹ, ಉಕ್ಕಿನ ಸೂಜಿ ಅದನ್ನು ಅಗಲಿಸುತ್ತದೆ. ತೂತಿನ ಅಡ್ಡಳತೆ ಶೇಕಡಾ 10 ಹೆಚ್ಚಿದರೆ ಅದರ ವಿಸ್ತೀರ್ಣ ಶೇಕಡಾ 21 ಹೆಚ್ಚುತ್ತದೆ, ಗ್ಯಾಸೂ ಅಷ್ಟೇ ಹೆಚ್ಚು ಹರಿಯುತ್ತದೆ, ಗಾಳಿ ಸಾಲದಾಗುತ್ತದೆ. ಒಮ್ಮೆ ಅಗಲವಾದ ಜೆಟ್ಟನ್ನು ಕಿರಿದು ಮಾಡಲು ಬರುವುದಿಲ್ಲ, ಬದಲಿಸಲೇಬೇಕು. ಮೇಲಿನಿಂದ ಕಾಣುವ ಕಸವನ್ನು ಬ್ರಷ್‌ನಿಂದ ತೆಗೆಯಿರಿ, ಅಷ್ಟೇ. ಜೆಟ್ ಬಿಚ್ಚುವುದು, ಮತ್ತೆ ಸೋರದಂತೆ ಕೂರಿಸುವುದು ಮೆಕ್ಯಾನಿಕ್ಕಿನ ಕೆಲಸ.

ಉರಿ ಬರ್ನರ್ ಬಿಟ್ಟು ಮೇಲೆ ನಿಲ್ಲುತ್ತದೆ, ಬುಸ್ ಎನ್ನುತ್ತದೆ

ಉರಿಯ ಬುಡಕ್ಕೂ ಮುಚ್ಚಳಕ್ಕೂ ನಡುವೆ ಸಂದು ಕಾಣುತ್ತದೆ, ಕೆಲವು ತೂತುಗಳಲ್ಲಿ ಉರಿ ಹಾರಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಗಾಳಿ ಹೆಚ್ಚಾದದ್ದು ಅಥವಾ ಒತ್ತಡ ಹೆಚ್ಚಾದದ್ದು ಇದರ ಅರ್ಥ. ಒಂದೇ ಬರ್ನರ್ ಆದರೆ ಅದರ ಗಾಳಿ ಕಿಂಡಿ, ಅಂದರೆ ನಳಿಕೆಯ ಬಾಯಿಯಲ್ಲಿ ಗಾಳಿ ಒಳಹೋಗುವ ಸಂದು, ಹೆಚ್ಚು ತೆರೆದಿದೆ, ಅಥವಾ ಅರ್ಧ ತೂತುಗಳು ಮುಚ್ಚಿಕೊಂಡು ಉಳಿದವುಗಳಲ್ಲಿ ರಭಸ ಹೆಚ್ಚಿದೆ. ಎಲ್ಲ ಬರ್ನರುಗಳೂ ಇದ್ದಕ್ಕಿದ್ದಂತೆ ಬುಸುಗುಟ್ಟತೊಡಗಿದರೆ ರೆಗ್ಯುಲೇಟರ್ ಕೆಟ್ಟಿರಬಹುದು. ಆಗ ಹುಡುಕಾಟ ನಿಲ್ಲಿಸಿ. ರೆಗ್ಯುಲೇಟರ್ ಮುಚ್ಚಿ ವಿತರಕರಿಗೆ ತಿಳಿಸಿ. ರೆಗ್ಯುಲೇಟರನ್ನು ಬಿಚ್ಚಿ ನೋಡುವ ಕುತೂಹಲ ಯಾರಿಗೂ ಬೇಡ.

ಟಪ್ ಎಂದು ಉರಿ ಒಳಗೆ ಹೋಗುತ್ತದೆ

ಹಚ್ಚುವಾಗಲೋ ಸಿಮ್‌ಗೆ ಇಳಿಸುವಾಗಲೋ ಟಪ್ ಎಂಬ ಸದ್ದು. ಮೇಲೆ ಉರಿ ಕಾಣುವುದಿಲ್ಲ, ಒಲೆಯ ಕೆಳಗೆ ನಳಿಕೆಯಲ್ಲಿ ಗೊರಗೊರ ಸದ್ದು. ಉರಿ ಈಗ ಜೆಟ್ಟಿನ ಬಾಯಿಯಲ್ಲೇ ಹತ್ತಿದೆ. ಕೂಡಲೇ ನಾಬ್ ಮುಚ್ಚಿ. ಹಾಗೇ ಬಿಟ್ಟರೆ ನಳಿಕೆ ಕೆಂಪಗೆ ಕಾಯುತ್ತದೆ, ರಬ್ಬರ್ ಪೈಪ್ ಅಲ್ಲೇ ಹತ್ತಿರದಲ್ಲಿದೆ.

ಹತ್ತರಲ್ಲಿ ಏಳು ಸಲ ಮುಚ್ಚಳ ಓರೆಯಾಗಿ ಕೂತಿರುತ್ತದೆ ಎಂಬುದು ನನ್ನ ಅಂದಾಜು. ತೊಳೆದ ಮೇಲೆ ದೊಡ್ಡದನ್ನು ಸಣ್ಣದರ ಮೇಲೆ ಇಟ್ಟವರೂ ಇದ್ದಾರೆ. ಸರಿಯಾಗಿ ಕೂರಿಸಿ, ಬೆರಳಿನಿಂದ ತಿರುಗಿಸಿ ಅಲುಗಾಡುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ನಾಬ್ ತಿರುಗಿಸಿ ಲೈಟರ್ ಹುಡುಕುತ್ತಾ ನಿಲ್ಲಬೇಡಿ. ಲೈಟರ್ ಕೈಯಲ್ಲಿ ಇರಲಿ. ಮತ್ತೆಯೂ ಟಪ್ ಎಂದರೆ ಮುಚ್ಚಳದ ತೂತುಗಳು ಸವೆದು ಅಗಲವಾಗಿರಬಹುದು. ಹೊಸ ಮುಚ್ಚಳ ತನ್ನಿ, ನಿಮ್ಮ ಒಲೆಯ ಕಂಪನಿಯದ್ದನ್ನೇ ತನ್ನಿ.

ಸಿಮ್‌ಗೆ ಇಟ್ಟರೆ ಆರಿಹೋಗುತ್ತದೆ

ಫ್ಯಾನ್ ಆರಿಸಿ ನೋಡಿ. ಈ ಮಾತಿಗೆ ನಗುವವರ ಮನೆಯಲ್ಲೂ ಅರ್ಧಕ್ಕರ್ಧ ಸಲ ಅದೇ ಕಾರಣ. ಫ್ಯಾನ್ ಇಲ್ಲದೆಯೂ ಆರಿದರೆ ನಾಬಿನ ಒಳಗಿನ ಸಿಮ್ ದಾರಿಯಲ್ಲಿ ಹಳೆಯ ಗ್ರೀಸ್ ಗಟ್ಟಿಯಾಗಿದೆ. ನಾಬ್ ಬಿಗಿಯಾಗಿದೆ ಎಂದು ಕೊಬ್ಬರಿ ಎಣ್ಣೆ ಬಿಡುವ ಪದ್ಧತಿ ನಮ್ಮವರಲ್ಲಿದೆ. ಬೇಡ. ಎಣ್ಣೆ ಕಾದು ಅಂಟಾಗುತ್ತದೆ, ಗ್ರೀಸನ್ನು ಕರಗಿಸಿ ಸೋರಿಕೆಗೂ ದಾರಿ ಮಾಡುತ್ತದೆ. ಗ್ಯಾಸ್ ನಾಬಿಗೆ ಬೇರೆಯೇ ಗ್ರೀಸ್ ಇದೆ, ಹಾಕುವವರು ಅದನ್ನು ಬಿಚ್ಚಿ ಹಾಕಬೇಕು.

ಗಾಳಿ ಕಿಂಡಿ ತಿರುಗಿಸುವುದು

ಮೇಲಿನದೆಲ್ಲ ಮುಗಿದು, ಜೆಟ್ ಸರಿಯಾದದ್ದೇ ಎಂದು ಗೊತ್ತಾಗಿ, ಒಂದು ಬರ್ನರಿನ ತುದಿ ಇನ್ನೂ ಹಳದಿಯಾಗಿದ್ದರೆ ಮಾತ್ರ ಇದು. ನಳಿಕೆಯ ಬಾಯಿಯಲ್ಲಿ ತಿರುಗುವ ತಗಡಿನ ಪಟ್ಟಿಯೋ ಬಳೆಯೋ ಇರುವ ಒಲೆಗಳಲ್ಲಿ ಮಾತ್ರ ಸಾಧ್ಯ; ಅನೇಕ ಒಲೆಗಳಲ್ಲಿ ಅದು ಇರುವುದೇ ಇಲ್ಲ. ಇಲ್ಲದಿದ್ದರೆ ಬೇರೆ ಸ್ಕ್ರೂ ಹುಡುಕಬೇಡಿ. ಭಾವ ಹುಡುಕಿ ತಿರುಗಿಸಿದ್ದು ಸಣ್ಣ ಉರಿಯ ಮಟ್ಟ ಹೊಂದಿಸುವ, ನಾಬಿನ ಸಿಮ್ ಸ್ಕ್ರೂಗಳನ್ನು.

ಒಲೆ ಆರಿ ತಣ್ಣಗಿರುವಾಗ ಪಟ್ಟಿಯ ಈಗಿನ ಜಾಗವನ್ನು ಪೆನ್ಸಿಲಿನಿಂದ ಗುರುತು ಮಾಡಿ. ಕಿಟಕಿ ತೆರೆದಿರಲಿ. ಕೂದಲೆಳೆಯಷ್ಟು ತೆರೆಯಿರಿ, ಹಚ್ಚಿ ಎರಡು ನಿಮಿಷ ನೋಡಿ, ಆರಿಸಿ, ತಣ್ಣಗಾದ ಮೇಲೆ ಮತ್ತೆ ಸ್ವಲ್ಪ. ಉರಿಯುವಾಗಲೇ ಕೈ ಹಾಕಿದರೆ ಬೆರಳು ಸುಡುತ್ತದೆ. ಹಳದಿ ತುದಿ ಮಾಯವಾದಲ್ಲಿ ನಿಲ್ಲಿಸಿ. ಉರಿ ಹಾರತೊಡಗಿದರೆ ಸ್ವಲ್ಪ ಹಿಂದಕ್ಕೆ ತನ್ನಿ. ಆಮೇಲೆ ಪೂರ್ತಿ ಉರಿಯಿಂದ ಸಿಮ್‌ಗೆ ಥಟ್ಟನೆ ಇಳಿಸಿ. ಆರಬಾರದು, ಟಪ್ ಎನ್ನಬಾರದು. ಹತ್ತು ನಿಮಿಷ ಉರಿಸಿ ಮತ್ತೊಮ್ಮೆ ನೋಡಿ. ಮೂರು ಸಲ ತಿರುಗಿಸಿಯೂ ಸರಿಯಾಗದಿದ್ದರೆ ಪೆನ್ಸಿಲ್ ಗುರುತಿಗೆ ವಾಪಸು ಇಟ್ಟು ಮೆಕ್ಯಾನಿಕ್ಕನ್ನು ಕರೆಯಿರಿ.

ಕೈ ಹಾಕಬಾರದ ಜಾಗಗಳು

ಮೀಟರ್, ಪೈಪ್ ಗ್ಯಾಸಿನ ರೆಗ್ಯುಲೇಟರ್, ಗೋಡೆಯ ಪೈಪ್: ಕಂಪನಿಯವರು ಮಾತ್ರ. ರಬ್ಬರ್ ಪೈಪಿನಲ್ಲಿ ಬಿರುಕು ಕಂಡರೆ ಅಂದೇ ಬದಲಿಸಿ. ಕಾಣದಿದ್ದರೂ ಸುರಕ್ಷಾ ಪೈಪಿನ ಆಯುಸ್ಸು ಐದು ವರ್ಷ, ತಯಾರಾದ ವರ್ಷ ಅದರ ಮೇಲೇ ಅಚ್ಚಾಗಿರುತ್ತದೆ. ಯಾವ ಜೋಡಣೆ ಬಿಚ್ಚಿ ಹಾಕಿದರೂ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ, ಬೆಂಕಿ ಕಡ್ಡಿ ಗೀರಿ ನೋಡಬೇಡಿ. ಗ್ಯಾಸ್ ಗೀಸರಿನ ಉರಿ ಹಳದಿಯಾದರೆ ಈ ಬರಹದ ಯಾವ ಉಪಾಯವನ್ನೂ ಅದರ ಮೇಲೆ ಪ್ರಯೋಗಿಸಬೇಡಿ. ಮುಚ್ಚಿದ ಬಚ್ಚಲುಮನೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ಗೀಸರ್ ಆರಿಸಿ, ಕಾಯಿಸಿದ ನೀರನ್ನು ಬಕೆಟಿಗೆ ಹಾಕಿ ಸ್ನಾನ ಮಾಡಿ, ತಂತ್ರಜ್ಞರು ಬರುವವರೆಗೆ ಕಾಯಿರಿ.

ತಂಗಿಯ ಒಲೆಗೆ ಪೈಪ್ ಗ್ಯಾಸಿನ ಜೆಟ್ ಹಾಕಿದ ದಿನ, ತೆಗೆದ ಮೂರು ಎಲ್‌ಪಿಜಿ ಜೆಟ್‌ಗಳನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, "ಸಿಲಿಂಡರಿನವು, ದೊಡ್ಡದು ಎಡಗಡೆಯ ಬರ್ನರಿಗೆ" ಎಂದು ಚೀಟಿ ಬರೆದು, ಒಲೆಯ ಬಿಲ್ಲು ಇಟ್ಟ ಫೈಲಿಗೆ ಪಿನ್ ಮಾಡಿ ಕೊಟ್ಟೆ. ಭಾವನವರು ಅದರ ಕೆಳಗೆ ತಮ್ಮ ಕೈಯಾರೆ ಇನ್ನೊಂದು ಸಾಲು ಸೇರಿಸಿದ್ದಾರಂತೆ: "ನಾನು ಹಾಕಬಾರದು."